ಟ್ಯೂಬನ್ನ ನಟ್‌ನಿಂದ ಎಳೆದು ಕೂರಿಸ್ಬಾರ್ದು: ನಮ್ಮ ವಿಮಾನಕ್ಕೆ ಬ್ರೇಕ್ ಲೈನ್ ಹಾಕಿದ ಕಥೆ

ಮೂರು ವಾರದಿಂದ ಮಳೆ ಬಿಟ್ಟಿಲ್ಲ. ಕೊಡಗಿನ ಸುಂಟಿಕೊಪ್ಪದ ಈ ಕಡೆ ತೋಟದ ಕೆಲಸ ಎಲ್ಲಾ ನಿಂತಿದೆ, ಕರೆಂಟ್ ಬಂದ್ರೆ ಬಂತು ಇಲ್ಲಾಂದ್ರೆ ಎರಡು ದಿನ ಇಲ್ಲ, ಹಾಗಾಗಿ ತಲೆಗೆ ಹೆಡ್‌ಲ್ಯಾಂಪ್ ಕಟ್ಕೊಂಡು ಗೋಡೌನ್‌ನಲ್ಲಿ ಕೂತು ವಿಮಾನದ ಬ್ರೇಕ್ ಲೈನ್, ಅಂದ್ರೆ ಬ್ರೇಕಿಗೆ ಎಣ್ಣೆ ಒಯ್ಯೋ ಪೈಪಿನ ಕೆಲಸ ಮಾಡ್ತಾ ಇದೀನಿ. ಹೋದ ಸಲ ಬರೆದಾಗ ಲ್ಯಾಂಡಿಂಗ್ ಗೇರ್ ಕೂರಿಸಿ ಬಾಡಿ ತನ್ನ ಮೂರು ಚಕ್ರದ ಮೇಲೆ ನಿಂತಿತ್ತು. ಅದರ ಮುಂದಿನ ಕೆಲಸ ಇದು. ಎರಡು ವಾರಾಂತ್ಯದಲ್ಲಿ ಮುಗಿಯುತ್ತೆ ಅಂದ್ಕೊಂಡಿದ್ದೆ, ಈಗ ಐದನೇ ವಾರ, ಒಂದು ಸೈಡ್ ಮಾತ್ರ ಮುಗಿದಿದೆ.

ಹೊಸದಾಗಿ ಓದೋರಿಗೆ: ನಾನು ಕಟ್ತಾ ಇರೋದು ಎರಡು ಸೀಟಿನ ಅಲ್ಯೂಮಿನಿಯಂ ಕಿಟ್ ವಿಮಾನ, ರಿವೆಟ್ ಹೊಡೆದು ಹೊಡೆದು ಜೋಡಿಸೋದು. ಜಾಗ ನಮ್ಮ ಹಳೇ ಕಾಫಿ ಗೋಡೌನ್. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಚೆರಿ ಮೂಟೆ ತುಂಬಿರುತ್ತೆ, ಆಗ ವಿಮಾನನ ಮೂಲೆಗೆ ತಳ್ಳಿ ಟಾರ್ಪಾಲ್ ಹೊದಿಸಿ ಇಡ್ಬೇಕು, ಮಾರ್ಚ್‌ನಿಂದ ಮತ್ತೆ ಜಾಗ ನಂದು. ಕೊಡಗಲ್ಲಿ ಏರ್‌ಪೋರ್ಟ್ ಇಲ್ಲ, ಕಟ್ಟಿ ಆದ್ಮೇಲೆ ರೆಕ್ಕೆ ಬಿಚ್ಚಿ ಲಾರಿಗೆ ಹೇರಿ ಕುಶಾಲನಗರ ದಾಟಿಸಿ ಮೈಸೂರು ಕಡೆಗೆ ತಗೊಂಡು ಹೋಗ್ಬೇಕು. ಡಿಜಿಸಿಎ (ವಿಮಾನಗಳನ್ನ ನೋಡ್ಕೊಳೋ ಸರ್ಕಾರಿ ಸಂಸ್ಥೆ) ಅನುಮತಿಗಳ ವಿಷಯ ಉದ್ದ ಇದೆ, ಅದನ್ನ ಬೇರೆ ದಿನ ಬರೀತೀನಿ. ಮುಂಬೈಯಲ್ಲಿ ಮನೆ ತಾರಸಿ ಮೇಲೆ ವಿಮಾನ ಕಟ್ಟಿದ ಕ್ಯಾಪ್ಟನ್ ಅಮೋಲ್ ಯಾದವ್ ಅವರಿಗೆ ವರ್ಷಗಟ್ಟಲೆ ಓಡಾಡಿದ ಮೇಲೆ 2017ರಲ್ಲಿ ರಿಜಿಸ್ಟ್ರೇಷನ್ ಸಿಕ್ತು, ಅದನ್ನ ನೋಡಿದ ಮೇಲೇನೇ ನಂಗೂ ಧೈರ್ಯ ಬಂದಿದ್ದು.

ಮನೆಗೆ ಬರೋರೆಲ್ಲ ಇದು ಯಾವಾಗ ಹಾರುತ್ತೆ ಅಂತ ಕೇಳ್ತಾರೆ. ಹೇಗೆ ನಿಲ್ಲುತ್ತೆ ಅಂತ ಕೇಳಿದ್ದು ನಮ್ಮ ತೋಟದ ಡ್ರೈವರಣ್ಣ ಒಬ್ಬರೇ. ಸರಿಯಾದ ಪ್ರಶ್ನೆ ಅದು. ನಮ್ಮ ವಿಮಾನದ ಮುಂದಿನ ಚಕ್ರಕ್ಕೆ ಸ್ಟೀರಿಂಗ್ ಇಲ್ಲ, ಟೀ ಟ್ರಾಲಿ ಚಕ್ರದ ಹಾಗೆ ಅದು ತನ್ನಷ್ಟಕ್ಕೆ ತಿರುಗುತ್ತೆ. ನೆಲದ ಮೇಲೆ ನಿಧಾನಕ್ಕೆ ಹೋಗುವಾಗ ಎಡಕ್ಕೆ ತಿರುಗ್ಬೇಕಾದ್ರೆ ಎಡಗಡೆ ಬ್ರೇಕ್ ಒತ್ತಬೇಕು, ಬಲಕ್ಕಾದ್ರೆ ಬಲಗಡೆದು. ಅಂದ್ರೆ ಒಂದು ಸೈಡಿನ ಬ್ರೇಕ್ ಹೋಯ್ತು ಅಂದ್ರೆ ನಿಲ್ಸೋದೂ ಹೋಯ್ತು, ತಿರುಗ್ಸೋದೂ ಹೋಯ್ತು, ಇನ್ನೊಂದು ಬ್ರೇಕ್ ಒತ್ತಿದ್ರೆ ಆ ಕಡೆಗೇ ಗಿರಕಿ ಹೊಡೆಯುತ್ತೆ. ಜೀಪಲ್ಲಿ ಬ್ರೇಕ್ ಫೇಲಾದ್ರೆ ಗೇರ್ ಇಳಿಸಿ ಬರೆಗೆ ಉಜ್ಜಿ ನಿಲ್ಸಬಹುದು, ಇಲ್ಲಿ ಮುಂದೆ ಪ್ರೊಪೆಲ್ಲರ್ ತಿರುಗ್ತಾ ಇರುತ್ತೆ.

ಲೈನಿನ ದಾರಿ ಹೀಗೆ. ಎಂಜಿನ್ ಹಿಂದಿನ ಗೋಡೆ, ಅಂದ್ರೆ ಫೈರ್‌ವಾಲ್ ಮೇಲೆ ಒಂದು ಪುಟ್ಟ ಎಣ್ಣೆ ಡಬ್ಬಿ, ಅಲ್ಲಿಂದ ಪೆಡಲ್ ಮೇಲಿರೋ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳೋ ಪಿಚಕಾರಿ) ಹೋಸ್, ಸಿಲಿಂಡರ್‌ನಿಂದ ಪಕ್ಕದ ಗೋಡೆಯ ಫಿಟ್ಟಿಂಗ್‌ಗೆ ಹೋಸ್, ಅಲ್ಲಿಂದ ನೆಲದ ಪಕ್ಕ ಹಾದು ಗೇರ್ ಲೆಗ್ (ಚಕ್ರದ ಕಾಲು) ಗುಂಟ ಕೆಳಗಿಳಿದು ಚಕ್ರದ ಕ್ಯಾಲಿಪರ್, ಅಂದ್ರೆ ಬ್ರೇಕ್ ಡಿಸ್ಕನ್ನ ಕಚ್ಚಿ ಹಿಡಿಯೋ ಭಾಗದವರೆಗೆ ಅಲ್ಯೂಮಿನಿಯಂ ಟ್ಯೂಬ್. ಟ್ಯೂಬ್ ಕಾಲಿಂಚಿಂದು, ಗೋಡೆ ದಪ್ಪ 0.035 ಇಂಚು, ನಮ್ಮ ಲೆಕ್ಕದಲ್ಲಿ 0.9 ಮಿಲಿಮೀಟರ್‌ಗೂ ಒಂದು ಕೂದಲು ಕಮ್ಮಿ. ಲೋಹ 5052-ಓ. ಆ ಕೊನೆಯ ಓ ಅಂದ್ರೆ ಪೂರ್ತಿ ಮೆದು ಮಾಡಿದ್ದು ಅಂತ. ಮೆದು ಯಾಕೆ ಬೇಕು ಅಂದ್ರೆ ತುದಿನ ತುತ್ತೂರಿ ಬಾಯಿ ತರ ಅರಳಿಸ್ಬೇಕು, ಅದಕ್ಕೇ ಫ್ಲೇರ್ ಅನ್ನೋದು, ಗಟ್ಟಿ ಟ್ಯೂಬ್ ಆದ್ರೆ ಅರಳಿಸುವಾಗ ಸೀಳು ಬಿಡುತ್ತೆ.

ಇಷ್ಟು ಸಣ್ಣ ಟ್ಯೂಬಲ್ಲಿ ಏನು ಮಹಾ ಪ್ರೆಷರ್ ಅಂತ ಅನ್ನಿಸ್ಬಹುದು. ಲೆಕ್ಕ ಹಾಕಿ ನೋಡಿ. ನನ್ನ ಮಾಸ್ಟರ್ ಸಿಲಿಂಡರ್ ಪಿಸ್ಟನ್ನಿನ ಅಗಲ 16 ಮಿಲಿಮೀಟರ್, ಮುಖದ ವಿಸ್ತೀರ್ಣ ಹತ್ತಿರ ಹತ್ತಿರ 2 ಚದರ ಸೆಂಟಿಮೀಟರ್. ಅದರ ಮೇಲೆ 40 ಕಿಲೋ ಬಲ ಬಿತ್ತು ಅಂದ್ರೆ ಪ್ರತಿ ಚದರ ಸೆಂಟಿಮೀಟರ್‌ಗೆ 20 ಕಿಲೋ, ಪಿಎಸ್‌ಐ ಲೆಕ್ಕದಲ್ಲಿ 285. ಕಾರಿನ ಟೈರಿಗೆ ನಾವು ಹಿಡಿಸೋದು 30, 32. ಮೆಣಸಿನ ಬಳ್ಳಿಗೆ ಬೋರ್ಡೋ ಔಷಧಿ ಹೊಡೆಯೋ ಪವರ್ ಸ್ಪ್ರೇಯರ್ ಇದೆಯಲ್ಲ, ಅದರ ಹೋಸಲ್ಲಿ ಇರೋದೂ ಹೆಚ್ಚುಕಮ್ಮಿ ಇಷ್ಟೇ ಪ್ರೆಷರ್, ಆ ಹೋಸ್ ಜಾಯಿಂಟಲ್ಲಿ ಬಿಟ್ಟಾಗ ಹೇಗೆ ಹಾವಿನ ಹಾಗೆ ಹೊರಳುತ್ತೆ ಅಂತ ಇಲ್ಲಿ ಎಲ್ಲರೂ ನೋಡಿದ್ದೀವಿ.

ಇನ್ನೊಂದು ಲೆಕ್ಕ ನಂಗೆ ನಿದ್ದೆ ಕೆಡಿಸಿದ್ದು. ಪೆಡಲ್ ಪೂರ್ತಿ ಒತ್ತಿದ್ರೆ ಆ ಪಿಸ್ಟನ್ ಒಂದಿಂಚು ಮುಂದೆ ಹೋಗುತ್ತೆ, ಅಂದ್ರೆ ತಳ್ಳೋ ಎಣ್ಣೆ 5 ಮಿಲಿ. ಒಂದು ಟೀ ಚಮಚ, ಅಷ್ಟೇ. ಆ ಒಂದು ಚಮಚ ಎಣ್ಣೆ ಪೂರ್ತಿಯಾಗಿ ಕ್ಯಾಲಿಪರ್‌ವರೆಗೆ ಮುಟ್ಟಿದ್ರೆ ಬ್ರೇಕ್ ಇದೆ, ಮಧ್ಯ ಎಲ್ಲೋ ಜಿನುಗಿ ಹೋದ್ರೆ ಅಥವಾ ಒಳಗೆ ಗಾಳಿ ಇದ್ರೆ ಇಲ್ಲ.

ಈಗ ಟ್ಯೂಬ್ ಬಗ್ಗಿಸೋ ವಿಷಯ. ನೇರವಾಗಿ ಟ್ಯೂಬಿಗೇ ಕೈ ಹಾಕ್ಬೇಡಿ, ಮೊದಲು ತಂತಿಲಿ ಅಚ್ಚು ಮಾಡ್ಕೊಳಿ. ನಾನು ಬೇಲಿಗೆ ಕಟ್ಟೋ ದಪ್ಪ ಜಿಐ ತಂತಿ ತಗೊಂಡೆ. ಅದನ್ನ ಈ ಫಿಟ್ಟಿಂಗ್‌ನಿಂದ ಆ ಫಿಟ್ಟಿಂಗ್‌ವರೆಗೆ ಬಗ್ಗಿಸ್ತಾ, ಎಲ್ಲೆಲ್ಲಿ ಏನು ತಾಗುತ್ತೆ, ರಡ್ಡರ್ ಪೆಡಲ್ ಪೂರ್ತಿ ಮುಂದೆ ಹೋದಾಗ ಅದರ ಕೊಕ್ಕೆ ಟ್ಯೂಬಿಗೆ ಬಡಿಯುತ್ತಾ ಅಂತ ನೋಡ್ತಾ, ಮತ್ತೆ ತೆಗೆದು ಮತ್ತೆ ಬಗ್ಗಿಸಿ, ಒಂದು ಭಾನುವಾರ ಪೂರ್ತಿ ತಂತಿಲೇ ಹೋಯ್ತು. ಆಮೇಲೆ ಆ ತಂತಿನ ಬೆಂಚ್ ಮೇಲಿಟ್ಟು ಅದರ ಪಕ್ಕ ಟ್ಯೂಬಿಟ್ಟು ಬೆಂಡರ್‌ನಲ್ಲಿ ಬಗ್ಗಿಸೋದು.

ಕಾಲಿಂಚು ಅಲ್ಯೂಮಿನಿಯಂ ಟ್ಯೂಬಿಗೆ ಬಳಸಬಹುದಾದ ಅತಿ ಸಣ್ಣ ಬೆಂಡ್ ರೇಡಿಯಸ್ 9/16 ಇಂಚು, 14 ಮಿಲಿಮೀಟರ್ ಚಿಲ್ಲರೆ. ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಪ್ರಕಟಿಸಿರೋ ಎಸಿ 43.13-1ಬಿ ಅನ್ನೋ ಕೈಪಿಡಿ ಇಂಟರ್‌ನೆಟ್ಟಲ್ಲಿ ಫ್ರೀಯಾಗಿ ಸಿಗುತ್ತೆ, ಅದರಲ್ಲಿ ಟೇಬಲ್ ಇದೆ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೀನಿ. ಬೆಂಡಲ್ಲಿ ಟ್ಯೂಬ್ ಸ್ವಲ್ಪ ಚಪ್ಪಟೆ ಆಗೇ ಆಗುತ್ತೆ, ಆದ್ರೆ ಸಣ್ಣ ಕಡೆಯ ಅಳತೆ ಮೂಲ ಅಳತೆಯ ಮುಕ್ಕಾಲು ಭಾಗಕ್ಕಿಂತ ಕಮ್ಮಿ ಆಗ್ಬಾರ್ದು. 6.35 ಮಿಲಿಮೀಟರ್ ಟ್ಯೂಬ್ ಅಂದ್ರೆ 4.76ಕ್ಕಿಂತ ಕೆಳಗೆ ಹೋಗ್ಬಾರ್ದು. ವರ್ನಿಯರ್ ಇಟ್ಟು ಪ್ರತಿ ಬೆಂಡೂ ಅಳೆದೆ. ಕೈಲೇ ಮಂಡಿಗೆ ಒತ್ತಿ ಬಗ್ಗಿಸಿದ ಒಂದು ತುಂಡು ಕಣ್ಣಿಗೆ ಚೆನ್ನಾಗೇ ಕಾಣ್ತಿತ್ತು, ಅಳೆದ್ರೆ 4.5, ತೆಗೆದು ಗುಜರಿ ಡಬ್ಬಕ್ಕೆ ಹಾಕಿದೆ. ಇನ್ನೊಂದು, ಬಗ್ಗಿಸಿದ್ದನ್ನ ನೇರ ಮಾಡಿ ಮತ್ತೆ ಬಗ್ಗಿಸೋ ಆಸೆ ಬರುತ್ತೆ, ಟ್ಯೂಬ್ ದುಬಾರಿ, ಬೆಂಗಳೂರಿಂದ ಬರ್ಬೇಕು. ಮಾಡ್ಬೇಡಿ. ಈ ಲೋಹ ಬಗ್ಗಿಸಿದಷ್ಟೂ ಗಟ್ಟಿಯಾಗುತ್ತೆ, ಗಟ್ಟಿಯಾದ ಕಡೆ ಅಲುಗಾಟಕ್ಕೆ ಬಿರುಕು ಬಿಡುತ್ತೆ.

ಗೀರೂ ಅಷ್ಟೇ. ಗೋಡೆ ದಪ್ಪದ ನೂರಕ್ಕೆ 10ರಷ್ಟು ಆಳದವರೆಗಿನ ಗೀರನ್ನ ಉಜ್ಜಿ ನುಣುಪು ಮಾಡಿ ಬಳಸಬಹುದು, ಅದೂ ಬೆಂಡಿನ ಬೆನ್ನಲ್ಲಿ ಇರ್ಬಾರ್ದು. ಹತ್ತರಲ್ಲಿ ಒಂದಂದ್ರೆ 0.09 ಮಿಲಿಮೀಟರ್. ಉಗುರಿಗೆ ಸಿಕ್ಕಿದ್ರೆ ಸಾಕು, ನಾನು ಬಳಸಲ್ಲ.

ಮೊದಲನೇ ಎಡಗಡೆ ಟ್ಯೂಬ್ ಹೀಗೆ ರೆಡಿಯಾಯ್ತು. ಫ್ಲೇರ್ ಮಾಡೋ ಟೂಲ್ ನನ್ನ ಹತ್ರ ಇನ್ನೂ ಬಂದಿರ್ಲಿಲ್ಲ, ಆರ್ಡರ್ ಮಾಡಿ ತಿಂಗಳಾಗಿತ್ತು. ಕಾಯೋಕೆ ಮನಸ್ಸಾಗ್ಲಿಲ್ಲ. ಪೇಟೆಯ ಒಂದು ಗ್ಯಾರೇಜಲ್ಲಿ ಜೀಪಿನ ಬ್ರೇಕ್ ಪೈಪ್ ಮಾಡಿ ಕೊಡ್ತಾರೆ, ಕೈ ತುಂಬಾ ನೀಟು, ಅಲ್ಲಿ ಕೊಟ್ಟೆ. ನಟ್ಟು, ಸ್ಲೀವು (ಅರಳಿದ ಬಾಯಿನ ಹಿಂದಿಂದ ಹಿಡಿಯೋ ಬಳೆ) ಎರಡೂ ಟ್ಯೂಬಿಗೆ ಹಾಕಿ ಆಮೇಲೆ ಅರಳಿಸಿ ಅಂತ ಹೇಳಿ ನಿಂತು ಮಾಡಿಸ್ಕೊಂಡು ಬಂದೆ. ಬಾಯಿ ಎಷ್ಟು ಚೆಂದ ಅರಳಿತ್ತು ಅಂದ್ರೆ ಒಂದು ಸೀಳಿಲ್ಲ, ಒಂದು ಗೀರಿಲ್ಲ. ತಂದು ಹಾಕಿದೆ, ಟೈಟ್ ಮಾಡಿದೆ, ಎಣ್ಣೆ ತುಂಬಿಸಿ ಪೆಡಲ್ ಒತ್ತಿದೆ, ಕಲ್ಲಿನ ಹಾಗೆ ನಿಂತಿತು. ತುಂಬಾ ಖುಷಿಯಾಯ್ತು.

ಮಾರನೇ ದಿನ ಸಂಜೆ ಮಾವ ಬಂದ್ರು. ಅಮ್ಮನ ತಮ್ಮ, ಏರ್‌ಫೋರ್ಸಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿ ಇಪ್ಪತ್ತು ವರ್ಷ ದುಡಿದು ರಿಟೈರಾಗಿ ಈಗ ಪಕ್ಕದ ಊರಲ್ಲೇ ತೋಟ ನೋಡ್ಕೊಂಡು ಇದಾರೆ. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ಸರ್ಕಲ್ ಇದೆ, ನೀವು ನೋಡಿರ್ತೀರ. 1965ರ ಸೆಪ್ಟೆಂಬರ್ 7ಕ್ಕೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಮಿಸ್ಟೇರ್ ಯುದ್ಧವಿಮಾನ ತಗೊಂಡು ಹೋಗಿ, ತನ್ನ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರನ್ನ ಹೊಡೆದು ಬೀಳಿಸಿ, ತಾವೂ ವಾಪಸ್ ಬರ್ಲಿಲ್ಲ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಮಾವ ಏರ್‌ಫೋರ್ಸ್ ಸೇರಿದ್ದು ಚಿಕ್ಕಂದಿನಲ್ಲಿ ಅವರ ಕಥೆ ಕೇಳಿ. ಹಾರೋ ಕೆಲಸ ಸಿಗ್ಲಿಲ್ಲ, ಹಾರೋರ ವಿಮಾನ ನೋಡ್ಕೊಳೋ ಕೆಲಸ ಸಿಕ್ತು, ಅದನ್ನ ಅವರು ಇವತ್ತಿಗೂ ಬಹಳ ಹೆಮ್ಮೆಯಿಂದ ಹೇಳ್ತಾರೆ.

ಮಾವ ಬಂದೋರು ಏನೂ ಮಾತಾಡ್ಲಿಲ್ಲ. ಕನ್ನಡಕ ಹಾಕ್ಕೊಂಡು ನೆಲದ ಮೇಲೆ ಗೋಣಿಚೀಲ ಹಾಸಿ ಮಲಗಿ ಕೆಳಗಿಂದ ಟಾರ್ಚ್ ಬಿಟ್ಟು ನೋಡಿದ್ರು. ಆಮೇಲೆ ಕೇಳಿದ್ರು:

"ಪುಟ್ಟಿ, ಟಿಶ್ಯೂ ಪೇಪರ್ ಇದ್ಯಾ?"

ಪ್ರತಿ ಜಾಯಿಂಟಿಗೂ ಒಂದೊಂದು ಸುತ್ತು ಟಿಶ್ಯೂ ಸುತ್ತಿ ದಾರ ಕಟ್ಟಿದ್ರು. ಪೆಡಲ್ ಒತ್ತಿ ಹಿಡಿದು, ಕಾಫಿ ಗಿಡದ ಒಣಗಿದ ಕಟ್ಟಿಗೆ ಒಂದನ್ನ ಅಳತೆಗೆ ಕತ್ತರಿಸಿ ಪೆಡಲ್‌ಗೂ ಸೀಟಿನ ಅಡ್ಡಪಟ್ಟಿಗೂ ಮಧ್ಯೆ ಒತ್ತಾಗಿ ಕೊಟ್ರು. ಕಾಫಿ ಕಟ್ಟಿಗೆ ಕಬ್ಬಿಣದ ಹಾಗೆ, ಬಾಗಲ್ಲ. "ಬೆಳಿಗ್ಗೆವರೆಗೆ ಮುಟ್ಬೇಡ" ಅಂತ ಹೇಳಿ ಹೋದ್ರು.

ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದ್ರೆ ಗೇರ್ ಲೆಗ್ ಮೇಲ್ಗಡೆಯ ಟಿಶ್ಯೂ ಮೇಲೆ ಒಂದು ಕೆಂಪು ಚುಕ್ಕೆ. ಕುಂಕುಮದ ಬೊಟ್ಟಿನಷ್ಟು. ವಿಮಾನದ ಹೈಡ್ರಾಲಿಕ್ ಎಣ್ಣೆಗೆ ಕೆಂಪು ಬಣ್ಣ ಹಾಕಿರ್ತಾರೆ, ಹಾಗಾಗಿ ಸುಲಭವಾಗಿ ಕಾಣ್ತು. ಬರೀ ಕೈಲಿ ಸವರಿ ನೋಡಿದ್ರೆ ಈ ಮಳೆಗಾಲದಲ್ಲಿ ಗೋಡೌನ್‌ನ ತೇವನೋ ಎಣ್ಣೆನೋ ಅಂತ ಗೊತ್ತೇ ಆಗ್ತಿರ್ಲಿಲ್ಲ. ನಾನು ಇನ್ನೊಂಚೂರು ಟೈಟ್ ಮಾಡೋಣ ಅಂತ ಸ್ಪ್ಯಾನರ್ ಎತ್ಕೊಂಡೆ. ಅಷ್ಟೊತ್ತಿಗೆ ಮಾವ ಫೋನ್ ಮಾಡಿದ್ರು. ವಿಷಯ ಹೇಳಿದೆ.

"ಸ್ಪ್ಯಾನರ್ ಕೆಳಗಿಡು. ಜಿನುಗಿದ್ರೆ ಬಿಚ್ಚಿ ನೋಡ್ಬೇಕು, ಟೈಟ್ ಮಾಡ್ಬಾರ್ದು."

ಬಿಚ್ಚಿದ್ವಿ. ಮಾವ ಮಾರ್ಕರ್ ಪೆನ್ ತಗೊಂಡು ಫಿಟ್ಟಿಂಗಿನ ಕೋನ್ ಆಕಾರದ ಮೂತಿಗೆ ಸುತ್ತಲೂ ನೀಲಿ ಬಳಿದ್ರು, ಒಣಗೋಕೆ ಮುಂಚೆ ಟ್ಯೂಬಿನ ಬಾಯಿ ಅದಕ್ಕೆ ಒತ್ತಿ ಒಂದು ಚೂರು ತಿರುಗಿಸಿ ತೆಗೆದ್ರು. ಸರಿಯಾದ ಫ್ಲೇರ್ ಆದ್ರೆ ಬಾಯಿಯ ಒಳಗೋಡೆ ಪೂರ್ತಿ ಅಗಲಕ್ಕೆ ನೀಲಿ ಪಟ್ಟಿ ಬೀಳ್ಬೇಕು. ನಂದರಲ್ಲಿ ಬುಡದಲ್ಲಿ ಒಂದು ತೆಳು ಗೆರೆ, ದಾರ ಸುತ್ತಿದಂಗೆ. ಉಳಿದಿದ್ದೆಲ್ಲ ಬೆಳ್ಳಗೆ. ಹೊರಗಡೆ ನೋಡಿದ್ರೆ ಸ್ಲೀವ್ ಕಚ್ಚಿರೋದೂ ಅಂಚಲ್ಲಿ ಮಾತ್ರ, ಅಲ್ಲೂ ಒಂದು ಗೆರೆ.

ವಿಷಯ ಏನಂದ್ರೆ ಕಾರು ಜೀಪಿನ ಫ್ಲೇರ್ 45 ಡಿಗ್ರಿ, ವಿಮಾನದ ಎಎನ್ ಅನ್ನೋ ಮಾನದಂಡದ ಫಿಟ್ಟಿಂಗ್ 37 ಡಿಗ್ರಿ. ಎಂಟೇ ಡಿಗ್ರಿ ವ್ಯತ್ಯಾಸ, ಪಕ್ಕಪಕ್ಕ ಇಟ್ಟು ನೋಡಿದ್ರೂ ಹೊಸಬರ ಕಣ್ಣಿಗೆ ಗೊತ್ತಾಗಲ್ಲ. ಆದ್ರೆ ಗುಂಡಗೆ ಅಗಲವಾಗಿ ಕೂತು ಮುಚ್ಚಬೇಕಾದ ಜಾಗದಲ್ಲಿ ಒಳಗೆ ಒಂದು ಗೆರೆ ಹೊರಗೆ ಒಂದು ಗೆರೆ ಮಾತ್ರ ತಾಗಿರುತ್ತೆ. ಅಲ್ಯೂಮಿನಿಯಂ ಮೆದು ಅಲ್ವಾ, ಟೈಟ್ ಮಾಡಿದಾಗ ಒತ್ತಿ ಚಪ್ಪಟೆಯಾಗಿ ಸದ್ಯಕ್ಕೆ ಮುಚ್ಕೊಳ್ಳುತ್ತೆ, ಪೆಡಲೂ ಗಟ್ಟಿ ಇರುತ್ತೆ, ಒಂದು ರಾತ್ರಿ ಪ್ರೆಷರಲ್ಲಿ ಇಟ್ರೆ ಮಾತ್ರ ನಿಜ ಗೊತ್ತಾಗೋದು. ಮೇಲಿಂದ ನಾನು ಇನ್ನೊಂದು ಸುತ್ತು ಟೈಟ್ ಮಾಡಿದ್ರೆ ಆ ಗೆರೆ ಇದ್ದಲ್ಲೇ ಟ್ಯೂಬ್ ತೆಳ್ಳಗಾಗಿ ಒಂದಿನ ಬಾಯಿ ಕತ್ತರಿಸಿ ಹೋಗ್ತಿತ್ತು. ಗ್ಯಾರೇಜಿನವರದ್ದು ಇದರಲ್ಲಿ ಏನೂ ತಪ್ಪಿಲ್ಲ, ಅವರು ಅವರ ಕೆಲಸ ಸರಿಯಾಗೇ ಮಾಡಿದಾರೆ, ಡಿಗ್ರಿ ಕೇಳಬೇಕಾಗಿದ್ದು ನಾನು. ವಿಮಾನ ಕಟ್ತಾ ಇರೋ ಬೇರೆ ಯಾರಾದ್ರೂ ಇದನ್ನ ಓದ್ತಾ ಇದ್ರೆ ದಯವಿಟ್ಟು ಈ ಒಂದು ವಿಷಯ ತಲೇಲಿ ಇಟ್ಕೊಳಿ: 37 ಡಿಗ್ರಿ ಟೂಲ್ ಕೈಗೆ ಬರೋವರೆಗೆ ಟ್ಯೂಬ್ ಮುಟ್ಟಬೇಡಿ.

ಆಮೇಲೆ ಮಾವ ಇನ್ನೊಂದು ತೋರಿಸಿದ್ರು, ಈ ಪೋಸ್ಟ್ ಬರೀತಾ ಇರೋದೇ ಅದಕ್ಕೋಸ್ಕರ.

ಎರಡೂ ತುದಿಯ ನಟ್ ಪೂರ್ತಿ ಬಿಚ್ಚಿ ಹಿಂದಕ್ಕೆ ಸರಿಸಿ ಟ್ಯೂಬನ್ನ ಹಾಗೇ ಬಿಟ್ರು. ಟ್ಯೂಬಿನ ಬಾಯಿ ಟಿಣ್ ಅಂತ ಫಿಟ್ಟಿಂಗ್‌ನಿಂದ ಪಕ್ಕಕ್ಕೆ ಹಾರ್ತು, ಮೂರು ನಾಲ್ಕು ಮಿಲಿಮೀಟರ್. "ನೋಡು, ಇದನ್ನ ಅಲ್ಲಿ ಹಿಡಿದು ಕೂರಿಸಿದ್ದು ಯಾರು? ನಟ್ಟು. ನಟ್ಟಿನ ಕೆಲಸ ಅದಲ್ಲ ಪುಟ್ಟಿ. ಟ್ಯೂಬು ತಾನಾಗೇ ಬಂದು ಮೂತಿ ಮೇಲೆ ಕೂರ್ಬೇಕು, ಕೂತಿದ್ದನ್ನ ನಟ್ಟು ಒತ್ತಿ ಹಿಡೀಬೇಕು, ಅಷ್ಟೇ."

ಇದು ಕೇಳೋಕೆ ಸಣ್ಣ ವಿಷಯ. ಆದ್ರೆ ಎಳೆದು ಕೂರಿಸಿದ ಟ್ಯೂಬು ಹಗಲೂ ರಾತ್ರಿ ವಾಪಸ್ ಹೋಗೋಕೆ ನೋಡ್ತಾ ಇರುತ್ತೆ. ಆ ಎಳೆತ ಎಲ್ಲಾ ಹೋಗಿ ಕೂರೋದು ಫ್ಲೇರ್‌ನ ಕುತ್ತಿಗೆ ಮೇಲೆ, ಅದೇ ಇಡೀ ಟ್ಯೂಬಲ್ಲಿ ಬಲ ಕಮ್ಮಿ ಇರೋ ಜಾಗ. ಅದರ ಮೇಲೆ ಎಂಜಿನ್ನಿನ ನಡುಕ, ಚಕ್ರ ಹಳ್ಳಕ್ಕೆ ಇಳಿದಾಗಿನ ಏಟು. ಬಿರುಕು ಬಿಟ್ರೆ ಅಲ್ಲೇ ಬಿಡೋದು.

ಇದರ ಜೊತೆಗೇ ಬರೋ ಇನ್ನೊಂದು ನಿಯಮ, ಎರಡು ಫಿಟ್ಟಿಂಗ್ ಮಧ್ಯೆ ಯಾವತ್ತೂ ಕಡ್ಡಿ ತರ ನೇರ ಟ್ಯೂಬ್ ಹಾಕ್ಬಾರ್ದು, ಎಷ್ಟೇ ಹತ್ರ ಇರ್ಲಿ ಒಂದಾದ್ರೂ ಬೆಂಡ್ ಇರ್ಲೇಬೇಕು. ಅಲ್ಯೂಮಿನಿಯಂ ಒಂದು ಮೀಟರ್ ಉದ್ದಕ್ಕೆ 30 ಡಿಗ್ರಿ ಬಿಸಿ ಏರಿದ್ರೆ 0.7 ಮಿಲಿಮೀಟರ್ ಹಿಗ್ಗುತ್ತೆ. ನೇರ ಟ್ಯೂಬ್ ಆದ್ರೆ ಹಿಗ್ಗೋಕೆ ಜಾಗ ಎಲ್ಲಿ, ಎರಡೂ ಕಡೆ ಗುದ್ದುತ್ತೆ. ಬೆಂಡ್ ಇದ್ರೆ ಬೆಂಡ್ ತೆರೆದು ಮುಚ್ಚಿ ತಾನೇ ತಗೊಳ್ಳುತ್ತೆ. ಗೇರ್ ಲೆಗ್ ಅಂತೂ ಸ್ಪ್ರಿಂಗ್ ಉಕ್ಕು, ಇಳಿಯುವಾಗ ಇಂಚುಗಟ್ಟಲೆ ಅಗಲ ಆಗುತ್ತೆ, ಅದಕ್ಕೇ ಕ್ಯಾಲಿಪರ್ ಹತ್ರ ಕೊನೆಯ ಒಂದು ಗೇಣು ನಾನು ಫ್ಲೆಕ್ಸಿಬಲ್ ಹೋಸ್ ಹಾಕೋದು ಅಂತ ತೀರ್ಮಾನ ಮಾಡಿದೆ.

ಹಾಗಾಗಿ ಎಡಗಡೆ ಟ್ಯೂಬ್ ಮೊದಲಿಂದ. ಹೊಸ ತಂತಿ ಅಚ್ಚು, ಹೊಸ ಟ್ಯೂಬ್. ಅಷ್ಟರಲ್ಲಿ ಫ್ಲೇರ್ ಟೂಲೂ ಬಂತು. ಗರಗಸ ಹಾಕದೆ ಟ್ಯೂಬ್ ಕಟರಲ್ಲಿ ಪ್ರತಿ ಸುತ್ತಿಗೂ ಕೂದಲೆಳೆ ಅಷ್ಟೇ ಒತ್ತಡ ಕೊಟ್ಟು ಕತ್ತರಿಸಿದೆ. ಒಳ ಅಂಚಿನ ಸಿಬಿರು ತೆಗೆದು, ಬಟ್ಟೇಲಿ ಒರೆಸಿ, ಗಾಳಿ ಊದಿ, ನಟ್ಟು, ಆಮೇಲೆ ಸ್ಲೀವು, ಸ್ಲೀವಿನ ಅಗಲ ಬಾಯಿ ತುದಿ ಕಡೆಗೆ, ಇಷ್ಟು ನೋಡಿ, ಕೋನ್ ತುದಿಗೆ ಒಂದು ತೊಟ್ಟು ಎಣ್ಣೆ ಹಾಕಿ ನಿಧಾನಕ್ಕೆ ತಿರುಗಿಸ್ತಾ ಅರಳಿಸಿದೆ. ಅರಳಿಸಿದ ಬಾಯಿನ ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಭೂತಗನ್ನಡಿಲಿ ನೋಡಿದ್ರೆ ಒಳಗೆ ನುಣ್ಣಗೆ ಕನ್ನಡಿ ತರ, ಅಂಚಲ್ಲಿ ಹಾಲುಬಿಳಿ ಉಂಗುರ. ಮೊದಲ ನಾಲ್ಕು ತುದಿ ಬರೀ ಅಭ್ಯಾಸಕ್ಕೆ ಮಾಡಿ ಬಿಸಾಕಿದೆ, ಐದನೇದು ವಿಮಾನಕ್ಕೆ.

ಇಲ್ಲಿ ಕೊಡಗಿನವರಿಗೆ ಒಂದು ಮಾತು. ಟ್ಯೂಬ್ ತುದಿನ ಒಂದು ರಾತ್ರಿನೂ ತೆರೆದು ಬಿಡ್ಬೇಡಿ. ಗೋಡೆಗೆ ಮಣ್ಣಿನ ಗೂಡು ಕಟ್ಟುತ್ತಲ್ಲ ಕಣಜದ ಹುಳ, ಅದಕ್ಕೆ ಕಾಲಿಂಚಿನ ತೂತು ಅಂದ್ರೆ ಕಟ್ಟಿಟ್ಟ ಮನೆ. ನಮ್ಮ ಗೋಡೌನ್‌ನಲ್ಲಿ ಎರಡು ದಿನ ಬಿಟ್ಟ ಒಂದು ತುಂಡು ಟ್ಯೂಬಲ್ಲಿ ಹೆಬ್ಬೆರಳುದ್ದ ಮಣ್ಣು ತುಂಬಿ ಗಟ್ಟಿಯಾಗಿತ್ತು. ಅದು ಬ್ರೇಕ್ ಲೈನಲ್ಲಿ ಇದ್ದಿದ್ರೆ ಅಂತ ಯೋಚಿಸಿ. ಈಗ ಎಲ್ಲಾ ತುದಿಗೂ ಪ್ಲಾಸ್ಟಿಕ್ ಕ್ಯಾಪ್, ಮೇಲೆ ಟೇಪು.

ಟ್ಯೂಬ್ ತಂದು ಜಾಗಕ್ಕೆ ಹಿಡಿದೆ. ಒಂದು ಕಡೆ ಕೂತ್ಕೊಳ್ತು. ಇನ್ನೊಂದು ಕಡೆ ಒಂದು ಮಿಲಿಮೀಟರ್ ಆಚೆ. ಮುಂಚೆ ಆಗಿದ್ರೆ ನಟ್ ಹಾಕಿ ಎಳೀತಿದ್ದೆ. ಈ ಸಲ ತೆಗೆದು ಬೆಂಡರಲ್ಲಿ ಆ ಬೆಂಡನ್ನ ಒಂದು ಕೂದಲು ಮುಂದಕ್ಕೆ ಒತ್ತಿ ಮತ್ತೆ ಹಿಡಿದೆ, ಮತ್ತೆ ತೆಗೆದೆ, ಆರೇಳು ಸಲ. ಕೊನೇಗೆ ಒಂದು ಸಲ ಹಿಡಿದಾಗ ಎರಡೂ ಬಾಯಿ ಎರಡೂ ಮೂತಿ ಮೇಲೆ ಮೆತ್ತಗೆ ಕೂತು ನಾನು ಕೈ ತೆಗೆದ್ರೂ ಅಲ್ಲೇ ಇದ್ವು. ನಟ್ ಎರಡು ಬೆರಳಲ್ಲಿ ತಿರುಗಿಸಿದ್ರೆ ಕೊನೇವರೆಗೂ ಹೋಯ್ತು. ಆ ಗಳಿಗೆನ ಹೇಗೆ ಹೇಳೋದು ಗೊತ್ತಿಲ್ಲ, ಗೋಡೌನ್‌ನಲ್ಲಿ ಯಾರೂ ಇರ್ಲಿಲ್ಲ, ಹೊರಗೆ ಮಳೆ ಹೊಡೀತಾ ಇತ್ತು, ನಾನು ಸುಮ್ಮನೆ ಅದನ್ನೇ ನೋಡ್ತಾ ಕೂತಿದ್ದೆ.

ಆಮೇಲೆ ಟಾರ್ಕ್, ಅಂದ್ರೆ ನಟ್ ತಿರುಗಿಸೋ ಬಲದ ಅಳತೆ. ಕಾಲಿಂಚು ಅಲ್ಯೂಮಿನಿಯಂ ಟ್ಯೂಬಿಗೆ 40ರಿಂದ 65 ಇಂಚ್-ಪೌಂಡ್, ಅಂದ್ರೆ ನಾಲ್ಕೂವರೆಯಿಂದ ಏಳು ಚಿಲ್ಲರೆ ನ್ಯೂಟನ್ ಮೀಟರ್. ಅಳತೆ ಇಲ್ದೆ ಕೈ ಅಂದಾಜಲ್ಲಿ ಮಾಡಿದ್ರೆ ನಾವೆಲ್ಲ ಇದರ ಎರಡು ಪಟ್ಟು ಹಾಕ್ಬಿಡ್ತೀವಿ. ಎರಡು ಸ್ಪ್ಯಾನರ್ ಬೇಕು, ಒಂದು ಫಿಟ್ಟಿಂಗ್ ಹಿಡಿಯೋಕೆ, ಒಂದು ನಟ್ ತಿರುಗಿಸೋಕೆ, ಇಲ್ದಿದ್ರೆ ಟ್ಯೂಬ್ ತಿರುಚಿಕೊಳ್ಳುತ್ತೆ. ಮತ್ತೆ, ಪ್ಲಂಬರ್ ಅಭ್ಯಾಸದಲ್ಲಿ ಈ ಥ್ರೆಡ್‌ಗೆ ಬಿಳಿ ಟೇಪ್ ಸುತ್ತಬೇಡಿ. ಇಲ್ಲಿ ಸೀಲ್ ಆಗೋದು ಮೂತಿ ಮತ್ತೆ ಬಾಯಿ ಸೇರೋ ಕಡೆ, ಥ್ರೆಡ್‌ನಲ್ಲಿ ಅಲ್ಲ. ಟೇಪಿನ ಚೂರು ಒಳಗೆ ಹೋದ್ರೆ ಸಿಲಿಂಡರ್‌ನ ಸಣ್ಣ ತೂತು ಮುಚ್ಚುತ್ತೆ. ಸಿಲಿಂಡರ್‌ಗೂ ಕ್ಯಾಲಿಪರ್‌ಗೂ ಹೋಗೋ ಪೈಪ್ ಥ್ರೆಡ್‌ಗಳು ಬೇರೆ, ಅವು ಹೋಗ್ತಾ ಹೋಗ್ತಾ ದಪ್ಪ ಆಗೋ ಥ್ರೆಡ್ಡು, ಅಲ್ಲಿ ಮಾತ್ರ ಸೀಲೆಂಟ್, ಅದೂ ಮೊದಲ ಎರಡು ಸುತ್ತು ಬಿಟ್ಟು.

ಟ್ಯೂಬ್ ಹಾದುಹೋಗೋ ದಾರೀಲಿ ಹದಿಮೂರೂವರೆ ಇಂಚಿಗಿಂತ ದೂರ ಆಗದ ಹಾಗೆ ರಬ್ಬರ್ ಹಾಸಿದ ಕ್ಲ್ಯಾಂಪ್ ಹಾಕಿದೆ, ತಗಡಿನ ತೂತಲ್ಲಿ ಹಾಯೋ ಕಡೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರೋ ಬಳೆ).

ಎಣ್ಣೆ ವಿಷಯ. ನಾನು ಹಾಕಿದ್ದು 5606 ಅನ್ನೋ ಮಿಲಿಟರಿ ನಂಬರಿನ ಕೆಂಪು ಮಿನರಲ್ ಎಣ್ಣೆ. ಜೀಪಿಗೆ ಹಾಕೋ ಡಾಟ್ 3 ಇದಕ್ಕೆ ಆಗೋದೇ ಇಲ್ಲ, ಅದು ಗ್ಲೈಕಾಲ್ ಜಾತಿ, ವಿಮಾನದ ಬ್ರೇಕಿನ ರಬ್ಬರ್ ಸೀಲನ್ನ ಹಾಳು ಮಾಡುತ್ತೆ, ಈ ಕೆಂಪೆಣ್ಣೆನ ಜೀಪಿಗೆ ಹಾಕಿದ್ರೆ ಜೀಪಿನ ಸೀಲೂ ಊದಿಕೊಂಡು ಹೋಗುತ್ತೆ. ಡಾಟ್ 3 ಗಾಳಿಯ ತೇವನೂ ಹೀರುತ್ತೆ, ಕೊಡಗಿನ ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಡಬ್ಬ ಮತ್ತೆ ಉಪಯೋಗಕ್ಕಿಲ್ಲ. ಹಾಗಾಗಿ ಜೀಪಿನ ಡಬ್ಬ ಗೋಡೌನ್ ಒಳಗೇ ತರ್ಬಾರ್ದು ಅಂತ ಎಲ್ಲರಿಗೂ ಹೇಳಿಟ್ಟಿದೀನಿ. ಮುಂದೆ 83282 ಅನ್ನೋ ಎಣ್ಣೆಗೆ ಬದಲಾಯಿಸೋ ಯೋಚನೆ ಇದೆ. ಅದೂ ಕೆಂಪೇ, ಅದೇ ಸೀಲಿಗೆ ಒಗ್ಗುತ್ತೆ, ಆದ್ರೆ ಬೆಂಕಿ ಹತ್ತೋಕೆ 200 ಡಿಗ್ರಿಗೂ ಮೇಲೆ ಕಾಯ್ಬೇಕು. ಬ್ರೇಕಲ್ಲೇ ತಿರುಗಿಸೋ ವಿಮಾನದಲ್ಲಿ ಡಿಸ್ಕ್ ಬೇಗ ಕಾಯುತ್ತೆ, ಬಿಸಿ ಡಿಸ್ಕ್ ಮೇಲೆ ಎಣ್ಣೆ ಬಿದ್ರೆ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ.

ಗಾಳಿ ತೆಗೆಯೋದನ್ನ ತೋಟದವರಿಗೆ ವಿವರಿಸೋದು ಸುಲಭ. ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಕೈ ಕೊಟ್ಟ ವರ್ಷ ಫೆಬ್ರವರಿ ಮಾರ್ಚಲ್ಲಿ ಸ್ಪ್ರಿಂಕ್ಲರ್ ಪೈಪ್ ಎಳೀತೀವಲ್ಲ, ಪೈಪು ದಿಬ್ಬ ಹತ್ತಿ ಇಳಿಯೋ ಕಡೆ ಗಾಳಿ ಹಿಡ್ಕೊಂಡು ಮೋಟರ್ ಎಷ್ಟು ಓಡಿದ್ರೂ ಜೆಟ್ ಏಳೋದೇ ಇಲ್ಲ. ಇದೂ ಅದೇ. ಗಾಳಿ ಯಾವಾಗ್ಲೂ ಮೇಲಕ್ಕೆ ಹೋಗುತ್ತೆ, ಹಾಗಾಗಿ ಎಣ್ಣೆನ ಕೆಳಗಿಂದ ಮೇಲಕ್ಕೆ ತಳ್ಳಬೇಕು. ಹೊಸ ಪಂಪ್ ಎಣ್ಣೆ ಡಬ್ಬಿ ತಗೊಂಡು ಕ್ಯಾಲಿಪರ್‌ನ ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ ನಾನು ಕೆಳಗೆ ಕೂತು ಒತ್ತುತಾ ಇದ್ದೆ, ಅಮ್ಮ ಮೇಲೆ ಫೈರ್‌ವಾಲ್ ಡಬ್ಬಿ ಹತ್ರ ಟಾರ್ಚ್ ಹಿಡ್ಕೊಂಡು "ಗುಳ್ಳೆ ಬರ್ತಿದೆ... ಇನ್ನೂ ಬರ್ತಿದೆ... ಸಣ್ಣದಾಯ್ತು... ನಿಂತ್ತು" ಅಂತ ಹೇಳ್ತಾ ಇದ್ರು. ಒಂದು ಸೈಡಿಗೆ ಎರಡೂವರೆ ಮೀಟರ್ ಟ್ಯೂಬ್, ಅದರೊಳಗೆ ಹಿಡಿಯೋದು ಸುಮಾರು 40 ಮಿಲಿ. ಸಣ್ಣ ಲೋಟದ ಅರ್ಧ ಕಾಫಿ.

ಹೊಸ ಟ್ಯೂಬಿಗೆ ಮತ್ತೆ ಕಟ್ಟಿಗೆ ಕೊಟ್ಟು ಟಿಶ್ಯೂ ಸುತ್ತಿದ್ದು ಆಗಸ್ಟ್ 2ರ ರಾತ್ರಿ. ಮಾರನೇ ದಿನ ಕಕ್ಕಡ ಹದಿನೆಂಟು (ಕೊಡಗಲ್ಲಿ ಮದ್ದುಸೊಪ್ಪು ಅನ್ನೋ ಗಿಡದ ಅಡುಗೆ ತಿನ್ನೋ ದಿನ), ಮನೇಲಿ ಮದ್ದುಸೊಪ್ಪಿನ ಪಾಯಸ, ಇಡೀ ಮನೆ ಆ ಘಮ. ಅಮ್ಮ ಲೋಟದಲ್ಲಿ ಪಾಯಸ ಗೋಡೌನ್‌ಗೇ ತಂದ್ರು, ಮಾವನೂ ಬಂದಿದ್ರು. ಆ ಪಾಯಸದ ನೇರಳೆ ಬಣ್ಣ ಒಂದು ಹನಿ ಟಿಶ್ಯೂಗೆ ಬಿದ್ರೂ ಗೊಂದಲ ಅಂತ ಲೋಟ ಬಾಗಿಲ ಹತ್ರನೇ ಇಡಿಸಿ ಮಾವ ಒಂದೊಂದೇ ಟಿಶ್ಯೂ ಬಿಚ್ಚಿದ್ರು. ಬಿಳಿ. ಬಿಳಿ. ಗೇರ್ ಲೆಗ್ ಮೇಲಿಂದು ಬಿಳಿ. ಕ್ಯಾಲಿಪರ್ ಹತ್ರದ್ದು ಬಿಳಿ. ಮಾವ ಏನೂ ಹೇಳ್ಲಿಲ್ಲ, ಹೊಸ ಟಿಶ್ಯೂ ಸುತ್ತಿ ಕಟ್ಟಿಗೆನ ಮತ್ತೆ ಒತ್ತಿ ಕೂರಿಸಿದ್ರು. "ಇನ್ನೊಂದು ರಾತ್ರಿ ಇರ್ಲಿ" ಅಂದ್ರು. ಎರಡನೇ ರಾತ್ರಿನೂ ಬಿಳಿ. ಆಮೇಲೆ ಪ್ರತಿ ನಟ್ಟಿಗೂ ಫಿಟ್ಟಿಂಗಿಗೂ ಅಡ್ಡವಾಗಿ ಹಳದಿ ಬಣ್ಣದ ಒಂದು ಗೆರೆ ಎಳೆದ್ವಿ, ನಟ್ ಸಡಿಲ ಆದ್ರೆ ಗೆರೆ ಮುರಿದಿರುತ್ತೆ, ಕಣ್ಣಿಗೆ ಕಾಣುತ್ತೆ.

ನೆಲದ ಪ್ಯಾನೆಲ್ ಇನ್ನೂ ಮುಚ್ಚಿಲ್ಲ, ಇನ್‌ಸ್ಪೆಕ್ಷನ್ ಆಗೋವರೆಗೆ ಮುಚ್ಚೋ ಹಾಗಿಲ್ಲ. ಬಲಗಡೆ ಟ್ಯೂಬಿಗೆ ತಂತಿ ಅಚ್ಚು ನಿನ್ನೆ ಮುಗೀತು. ಎಡಗಡೆದನ್ನೇ ಕನ್ನಡೀಲಿ ನೋಡಿದ ಹಾಗೆ ಬಗ್ಗಿಸಿದ್ರೆ ಆಯ್ತು ಅಂದ್ಕೊಂಡಿದ್ದೆ, ಆದ್ರೆ ಆ ಕಡೆ ಇಂಧನದ ಪೈಪ್ ಅಡ್ಡ ಬರುತ್ತೆ, ಒಂದು ಬೆಂಡ್ ಜಾಸ್ತಿ ಬೇಕು. ನಾಳೆ ಕರೆಂಟ್ ಇದ್ರೆ ಟ್ಯೂಬ್ ಕತ್ತರಿಸ್ತೀನಿ.